ಕರೆಂಟ್ ಇಲ್ಲದ ರಾತ್ರಿ ಸಿಪ್ಯಾಪ್ ಓಡಿಸಲು ಎಷ್ಟು ದೊಡ್ಡ ಬ್ಯಾಟರಿ ಬೇಕು?

ಪ್ರಶ್ನೆ:
ನಮಸ್ಕಾರ ಸರ್. ನಮ್ಮದು ಹೊಸನಗರ ತಾಲ್ಲೂಕಿನ ಒಂದು ಹಳ್ಳಿ. ಅಪ್ಪಯ್ಯನಿಗೆ ಸ್ಲೀಪ್ ಅಪ್ನಿಯಾ, ಅಂದರೆ ನಿದ್ದೆಯಲ್ಲಿ ಉಸಿರು ಆಗಾಗ ನಿಲ್ಲುವ ಕಾಯಿಲೆ ಇದೆ. ರಾತ್ರಿ ಸಿಪ್ಯಾಪ್ (ಮಾಸ್ಕ್ ಮೂಲಕ ಒತ್ತಡದಿಂದ ಗಾಳಿ ಊದುವ ಮಷೀನ್) ಹಾಕಿಕೊಂಡೇ ಮಲಗುತ್ತಾರೆ. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದರೆ ಎರಡು ಮೂರು ದಿನ ಕರೆಂಟ್ ಬರುವುದಿಲ್ಲ. ಮನೆಯಲ್ಲಿ ಇನ್ವರ್ಟರ್ ಇದೆ. ಆದರೆ ಫ್ಯಾನು, ಲೈಟು ಎಲ್ಲ ಅದರ ಮೇಲೇ ಇರುವುದರಿಂದ ಮೊದಲ ರಾತ್ರಿ ಅರ್ಧಕ್ಕೇ ಕೂಗಿ ನಿಲ್ಲುತ್ತದೆ. ಮಷೀನ್ ರೆಸ್‌ಮೆಡ್ ಏರ್‌ಸೆನ್ಸ್ 10. ಅಡಾಪ್ಟರ್ ಮೇಲೆ 24 ವೋಲ್ಟ್, 90 ವ್ಯಾಟ್ ಅಂತ ಬರೆದಿದೆ. ಅಂಗಡಿಯವರು 90ನ್ನು 8 ಗಂಟೆಯಿಂದ ಗುಣಿಸಿ, 1000 ವ್ಯಾಟ್ ಅವರ್‌ನ ಪವರ್ ಸ್ಟೇಷನ್ (ಸಾಕೆಟ್ ಇರುವ ದೊಡ್ಡ ಚಾರ್ಜಬಲ್ ಬ್ಯಾಟರಿ ಪೆಟ್ಟಿಗೆ) ತೆಗೆದುಕೊಳ್ಳಿ ಅಂದರು. ರೇಟು ಕೇಳಿ ಸುಮ್ಮನೆ ವಾಪಸ್ ಬಂದೆ. ಕಾರಿನ ಬ್ಯಾಟರಿಗೆ ಕ್ಲಿಪ್ ಹಾಕಿದರೆ ಸಾಕು ಅಂತ ಅಣ್ಣ ಹೇಳುತ್ತಾನೆ. ಯಾವುದು ಸರಿ?

ಉತ್ತರ (ಬಯೋಮೆಡಿಕಲ್ ಎಂಜಿನಿಯರ್):
ನಮಸ್ಕಾರ. ವಾಪಸ್ ಬಂದದ್ದು ಒಳ್ಳೆಯದೇ ಆಯಿತು. 90 ವ್ಯಾಟ್ ಅನ್ನುವುದು ಆ ಅಡಾಪ್ಟರ್ ಹೆಚ್ಚೆಂದರೆ ಎಷ್ಟು ಕೊಡಬಲ್ಲದು ಅನ್ನುವ ಲೆಕ್ಕ. ಮಷೀನ್ ರಾತ್ರಿಯಿಡೀ ಅಷ್ಟು ಎಳೆಯುವುದಿಲ್ಲ.

ಸಿಪ್ಯಾಪ್ ಒಳಗೆ ಕರೆಂಟ್ ತಿನ್ನುವ ಭಾಗಗಳು ಎರಡು. ಒಂದು, ಗಾಳಿ ಊದುವ ಸಣ್ಣ ಮೋಟಾರ್. ಇನ್ನೊಂದು, ನೀರಿನ ಡಬ್ಬಿಯ ಕೆಳಗಿರುವ ಹೀಟರ್. ಬಿಸಿಯಾಗುವ ಟ್ಯೂಬ್ ಇದ್ದರೆ ಅದೂ ಹೀಟರೇ. 10 ಸೆಂ.ಮೀ. ನೀರಿನ ಒತ್ತಡದ (ಸಿಪ್ಯಾಪ್ ಒತ್ತಡವನ್ನು ಹೇಳುವುದೇ ಈ ಅಳತೆಯಲ್ಲಿ) ಆಸುಪಾಸಿನಲ್ಲಿ ಮೋಟಾರ್‌ಗೆ ಸರಾಸರಿ 8ರಿಂದ 12 ವ್ಯಾಟ್ ಸಾಕು. ಹೀಟರ್ ಆನ್ ಆದರೆ ಒಟ್ಟು 40-50 ವ್ಯಾಟ್‌ಗೆ ಏರಬಹುದು. ಅಂದರೆ ಬ್ಯಾಟರಿಯನ್ನು ಖಾಲಿ ಮಾಡುವುದು ಗಾಳಿ ಅಲ್ಲ, ಬಿಸಿನೀರು.

ಈಗ ನಿಮ್ಮ ಊರನ್ನೇ ನೋಡಿ. ನಿಮಗೆ ಕರೆಂಟ್ ಹೋಗುವುದು ಯಾವಾಗ? ಜೂನ್‌ನಿಂದ ಆಗಸ್ಟ್. ಗೋಡೆಯೆಲ್ಲ ಒದ್ದೆ, ಒಣಹಾಕಿದ ಬಟ್ಟೆ ನಾಲ್ಕು ದಿನವಾದರೂ ಹಸಿ. ಆ ಗಾಳಿಗೆ ಮತ್ತೆ ನೀರು ಸೇರಿಸಬೇಕಾದ ಅಗತ್ಯ ಹೆಚ್ಚಿನವರಿಗೆ ಬರುವುದಿಲ್ಲ. ಬ್ಯಾಟರಿ ಮೇಲೆ ಓಡಿಸುವ ರಾತ್ರಿ ಮಷೀನ್‌ನ ಮೈ ಆಪ್ಷನ್ಸ್‌ಗೆ ಹೋಗಿ ಟ್ಯೂಬ್ ಟೆಂಪ್ ಆಫ್ ಮಾಡಿ, ಹ್ಯುಮಿಡಿಟಿ ಲೆವೆಲ್ ಆಫ್ ಮಾಡಿ. ಡಬ್ಬಿಯಲ್ಲಿ ನೀರು ಇದ್ದರೆ ಇರಲಿ. ಬಿಸಿ ಇಲ್ಲದಿದ್ದರೂ ಅದರ ಮೇಲೆ ಹಾದುಬರುವ ಗಾಳಿ ಒಂದಿಷ್ಟು ತೇವ ಹೊತ್ತು ತರುತ್ತದೆ. ಒತ್ತಡದ ಸೆಟ್ಟಿಂಗ್ ಮಾತ್ರ ಮುಟ್ಟಬೇಡಿ. ಅದು ಡಾಕ್ಟರ್ ಇಟ್ಟದ್ದು.

ಲೆಕ್ಕ ಈಗ ಹೀಗಾಗುತ್ತದೆ. 10 ವ್ಯಾಟ್, 8 ಗಂಟೆ, 80 ವ್ಯಾಟ್ ಅವರ್. ಕರೆಂಟ್ ಬಿಲ್ಲಿನ ಒಂದು ಯೂನಿಟ್ ಅಂದರೆ 1000 ವ್ಯಾಟ್ ಅವರ್, ಗೊತ್ತಲ್ವಾ? ಒಂದು ರಾತ್ರಿಗೆ ಅದರ ಹತ್ತನೇ ಒಂದು ಭಾಗವೂ ಬೇಡ. ಮಾಸ್ಕ್ ಸೋರಿದರೆ, ಒತ್ತಡ ಏರಿದರೆ ಸ್ವಲ್ಪ ಜಾಸ್ತಿ ಆಗುತ್ತದೆ. ಬ್ಯಾಟರಿ ಹಳೆಯದಾದಂತೆ ಅದರ ಶಕ್ತಿಯೂ ಕುಗ್ಗುತ್ತದೆ. ಅದೆಲ್ಲ ಸೇರಿಸಿಕೊಂಡರೂ 250-300 ವ್ಯಾಟ್ ಅವರ್‌ನ ಲಿಥಿಯಂ ಪವರ್ ಸ್ಟೇಷನ್ ನಿಮಗೆ ಎರಡು ರಾತ್ರಿಗೆ ಸಾಕು. ಕೊಳ್ಳುವ ಮೊದಲು ಪ್ಲಗ್‌ಗೆ ಸಿಕ್ಕಿಸುವ ಸಣ್ಣ ವ್ಯಾಟ್ ಮೀಟರ್ ತಂದು, ಕರೆಂಟ್ ಇರುವ ಒಂದು ರಾತ್ರಿ ಹೀಟರ್ ಆಫ್ ಮಾಡಿ ಅಳೆದು ನೋಡಿ. ಅಪ್ಪಯ್ಯನ ಒತ್ತಡಕ್ಕೆ, ಅವರ ಮಾಸ್ಕ್‌ಗೆ ನಿಜವಾಗಿ ಎಷ್ಟು ಬೇಕು ಅನ್ನುವುದು ಅದರಲ್ಲೇ ಕಾಣುತ್ತದೆ. ಅಂಗಡಿಯವರ ಗುಣಾಕಾರಕ್ಕಿಂತ ಅದನ್ನು ನಂಬಿ.

ಇನ್ನು ಕಾರಿನ ಬ್ಯಾಟರಿ. ದಯವಿಟ್ಟು ಬೇಡ. ಅದು 12 ವೋಲ್ಟ್, ಮಷೀನ್ 24 ವೋಲ್ಟ್. ನೇರ ಹಾಕಿದರೆ ಓಡುವುದಿಲ್ಲ. ಪ್ಲಸ್ ಮೈನಸ್ ಅದಲು ಬದಲಾದರೆ ಮಷೀನೇ ಸುಟ್ಟುಹೋಗಬಹುದು. ಕಾರಿನ ಬ್ಯಾಟರಿ ಮಾಡಿರುವುದು ಎಂಜಿನ್ ಸ್ಟಾರ್ಟ್ ಮಾಡಲು. ರಾತ್ರಿಯಿಡೀ ಎಳೆದು ಪೂರ್ತಿ ಇಳಿಸಿದರೆ ಬೇಗ ಹಾಳಾಗುತ್ತದೆ, ಬೆಳಗ್ಗೆ ಆಸ್ಪತ್ರೆಗೆ ಹೋಗಬೇಕಾದರೆ ಕಾರೂ ಸ್ಟಾರ್ಟ್ ಆಗುವುದಿಲ್ಲ. ಅಲ್ಲದೆ ಆಸಿಡ್ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಮಲಗುವ ಕೋಣೆಯಲ್ಲಿ ಅದು ಇರಲೇಬಾರದು.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್ ಸರ್. ಪವರ್ ಸ್ಟೇಷನ್‌ನಲ್ಲಿ ಮನೆಯ ಥರದ ಸಾಕೆಟ್ ಇರುತ್ತದಲ್ಲ, ಮಷೀನ್‌ನ ಅಡಾಪ್ಟರ್ ಅದಕ್ಕೇ ಸಿಕ್ಕಿಸಬಹುದಾ?

ಉತ್ತರ:
ಸಿಕ್ಕಿಸಬಹುದು, ಓಡುತ್ತದೆ. ಪ್ಯೂರ್ ಸೈನ್ ವೇವ್, ಅಂದರೆ ಮನೆಯ ಲೈನಿನಂಥದೇ ಕರೆಂಟ್ ಕೊಡುವುದನ್ನೇ ಕೊಳ್ಳಿ. ಆದರೆ ನಾನು ಹೇಳುವುದು ಬೇರೆ ದಾರಿ. ಬ್ಯಾಟರಿಯೊಳಗೆ ಇರುವುದು ಡಿಸಿ. ಸಾಕೆಟ್‌ಗಾಗಿ ಅದನ್ನು 230 ವೋಲ್ಟ್ ಎಸಿ ಮಾಡುತ್ತೀರಿ. ನಿಮ್ಮ ಅಡಾಪ್ಟರ್ ಅದನ್ನು ಮತ್ತೆ 24 ವೋಲ್ಟ್ ಡಿಸಿ ಮಾಡುತ್ತದೆ. ಎರಡು ಕಡೆಯೂ ನಷ್ಟ. ಅದಕ್ಕಿಂತ ಮುಖ್ಯವಾದದ್ದು, ಎಸಿ ಬಟನ್ ಒತ್ತಿದ ಕೂಡಲೇ ಪವರ್ ಸ್ಟೇಷನ್ ತನ್ನ ಖರ್ಚಿಗೇ ಕೆಲವು ವ್ಯಾಟ್ ತಿನ್ನಲು ಶುರು ಮಾಡುತ್ತದೆ. ಕೆಲವು ಮಾಡೆಲ್‌ಗಳಲ್ಲಿ ಅದು 10 ವ್ಯಾಟ್ ಹತ್ತಿರ ಇರುತ್ತದೆ. ಅಂದರೆ ಸಿಪ್ಯಾಪ್ ತಿನ್ನುವಷ್ಟನ್ನೇ ಅದೂ ತಿಂದಿತು. ಎರಡು ರಾತ್ರಿ ಬರಬೇಕಾದದ್ದು ಒಂದೇ ರಾತ್ರಿ ಬರುತ್ತದೆ.

ಕಾರಿನಲ್ಲಿ ಇರುವಂಥ ದುಂಡಗಿನ 12 ವೋಲ್ಟ್ ಸಾಕೆಟ್ ಈ ಪವರ್ ಸ್ಟೇಷನ್‌ಗಳಲ್ಲೂ ಇರುತ್ತದೆ. ಏರ್‌ಸೆನ್ಸ್ 10ಕ್ಕೆಂದೇ 12ರಿಂದ 24 ವೋಲ್ಟ್ ಮಾಡುವ ಡಿಸಿ ಕನ್ವರ್ಟರ್ ಸಿಗುತ್ತದೆ. ಅದನ್ನು ತೆಗೆದುಕೊಳ್ಳಿ. ಮಾಡೆಲ್ ನಂಬರ್ ಹೇಳಿಯೇ ಕೇಳಿ. ಫಿಲಿಪ್ಸ್ ಡ್ರೀಮ್‌ಸ್ಟೇಷನ್ 12 ವೋಲ್ಟ್‌ನದು, ಅದರ ಕೇಬಲ್ ಇದಕ್ಕೆ ಆಗುವುದಿಲ್ಲ.

ಬ್ಯಾಟರಿಯನ್ನು ಹಾಸಿಗೆ ಮೇಲೆ ಇಡಬೇಡಿ, ಕಂಬಳಿ ಮುಚ್ಚಬೇಡಿ. ನೆಲದ ಮೇಲೆ, ನಾಲ್ಕೂ ಕಡೆ ಗಾಳಿ ಆಡುವ ಹಾಗೆ ಇಡಿ.

ಇನ್ನೊಬ್ಬರು:
ಸರ್, ನಾನು ಡಿಸಿ ಕೇಬಲ್‌ನಲ್ಲೇ ಓಡಿಸುತ್ತಿದ್ದೇನೆ. ಬ್ಯಾಟರಿ 80 ಪರ್ಸೆಂಟ್ ಇರುವಾಗಲೇ ಮಧ್ಯರಾತ್ರಿ ತಾನಾಗಿ ಆಫ್ ಆಗುತ್ತದೆ. ಬ್ಯಾಟರಿ ಕೆಟ್ಟಿದೆಯಾ?

ಉತ್ತರ:
ಬಹುಶಃ ಕೆಟ್ಟಿಲ್ಲ. ಲೋಡ್ ತೀರಾ ಕಡಿಮೆ ಇದ್ದರೆ 'ಯಾರೂ ಬಳಸುತ್ತಿಲ್ಲ' ಅಂತ ತಿಳಿದು ಆಫ್ ಆಗುವ ವ್ಯವಸ್ಥೆ ಹಲವು ಪವರ್ ಸ್ಟೇಷನ್‌ಗಳಲ್ಲಿ ಇದೆ. ಇಕೋ ಮೋಡ್ ಅಥವಾ ಸ್ಟ್ಯಾಂಡ್‌ಬೈ ಟೈಮ್ ಅನ್ನುವ ಹೆಸರಲ್ಲಿ ಸೆಟ್ಟಿಂಗ್ ಇರುತ್ತದೆ. ಹೀಟರ್ ಇಲ್ಲದ ಸಿಪ್ಯಾಪ್ ಅದರ ಕಣ್ಣಿಗೇ ಬೀಳುವುದಿಲ್ಲ. ಆ ಸೆಟ್ಟಿಂಗ್ ಆಫ್ ಮಾಡಿ, ಒಂದು ಪೂರ್ತಿ ರಾತ್ರಿ ಪರೀಕ್ಷೆ ಮಾಡಿ. ಈ ಪರೀಕ್ಷೆಯನ್ನು ಎಲ್ಲರೂ ಮಳೆಗಾಲಕ್ಕೆ ಮುಂಚೆ, ಕರೆಂಟ್ ಇರುವಾಗಲೇ ಮಾಡಿಕೊಳ್ಳಿ.

ಅಕಸ್ಮಾತ್ ನಡುರಾತ್ರಿ ಮಷೀನ್ ನಿಂತರೆ ಮಾಸ್ಕ್ ತೆಗೆದುಬಿಡಬೇಕು. ಫುಲ್ ಫೇಸ್ ಮಾಸ್ಕ್‌ನಲ್ಲಿ ಹೊರಗಿನ ಗಾಳಿ ಒಳಗೆ ಬರಲು ಒಂದು ವಾಲ್ವ್ ಇರುತ್ತದೆ, ಹಾಗಾಗಿ ಗಾಬರಿ ಬೇಡ. ಆದರೂ ಹಾಕಿಕೊಂಡೇ ಇರುವುದು ಒಳ್ಳೆಯದಲ್ಲ. ಉಳಿದ ರಾತ್ರಿ ಮಗ್ಗುಲಾಗಿ, ತಲೆ ಸ್ವಲ್ಪ ಎತ್ತರಿಸಿ ಮಲಗಲಿ.

ಮತ್ತೊಬ್ಬರು:
ಮೊಮ್ಮಗನ ಮುಂಜಿಗೆ ವಿಮಾನದಲ್ಲಿ ಹೋಗಬೇಕು. ಈ 300ರ ಬ್ಯಾಟರಿ ಒಯ್ಯಬಹುದಾ?

ಉತ್ತರ:
ಇಲ್ಲ ಅಮ್ಮ. 100 ವ್ಯಾಟ್ ಅವರ್ ತನಕ ಕೈಚೀಲದಲ್ಲಿ ಬಿಡುತ್ತಾರೆ. 100ರಿಂದ 160ರ ತನಕ ವಿಮಾನ ಕಂಪನಿಯ ಒಪ್ಪಿಗೆ ಬೇಕು. ಅದಕ್ಕಿಂತ ದೊಡ್ಡದು ಪ್ರಯಾಣಿಕರಿಗೆ ಇಲ್ಲ. ಚೆಕ್-ಇನ್ ಲಗೇಜಿನಲ್ಲಂತೂ ಬಿಡಿ ಬ್ಯಾಟರಿ ಇಡಲೇಬಾರದು. ಸಿಪ್ಯಾಪನ್ನೂ ಕೈಯಲ್ಲೇ ಒಯ್ಯಿರಿ, ನೀರು ಪೂರ್ತಿ ಚೆಲ್ಲಿ. ಹೋದ ಕಡೆ ಕರೆಂಟ್ ಇದ್ದರೆ ಅಡಾಪ್ಟರ್ ಒಂದೇ ಸಾಕಲ್ವಾ?

ಮಗದೊಬ್ಬರು:
ನಮ್ಮ ಅತ್ತೆಗೆ ಆಕ್ಸಿಜನ್ ಕಾನ್ಸನ್‌ಟ್ರೇಟರ್ (ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸಿ ಕೊಡುವ ಮಷೀನ್) ಇದೆ, ರಾತ್ರಿ ಬೈಪ್ಯಾಪ್ (ಉಸಿರು ಎಳೆಯುವಾಗ ಹೆಚ್ಚು, ಬಿಡುವಾಗ ಕಡಿಮೆ ಒತ್ತಡ ಕೊಡುವ ಮಷೀನ್) ಕೂಡ. ಇದೇ ಬ್ಯಾಟರಿ ಆಗುತ್ತದಾ?

ಉತ್ತರ:
ಮೇಡಂ, ನಿಮ್ಮದು ಬೇರೆಯೇ ವಿಷಯ. ಮೇಲೆ ಬರೆದ ಯಾವ ಲೆಕ್ಕವನ್ನೂ ಅತ್ತೆಯವರಿಗೆ ಹಾಕಬೇಡಿ. 5 ಲೀಟರ್‌ನ ಕಾನ್ಸನ್‌ಟ್ರೇಟರ್ ಸುಮಾರು 300-350 ವ್ಯಾಟ್ ಎಳೆಯುತ್ತದೆ. 300 ವ್ಯಾಟ್ ಅವರ್ ಬ್ಯಾಟರಿ ಅದಕ್ಕೆ ಒಂದು ಗಂಟೆಯೂ ಬರುವುದಿಲ್ಲ. ಅಪ್ನಿಯಾ ಇರುವವರು ಒಂದು ರಾತ್ರಿ ಸಿಪ್ಯಾಪ್ ಇಲ್ಲದೆ ಮಲಗಿದರೆ ಹೆಚ್ಚಿನವರಿಗೆ ನಿದ್ದೆ ಕೆಟ್ಟು ಮರುದಿನ ತೂಕಡಿಕೆ. ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರುವ ಕಾಯಿಲೆಗೆ ಬೈಪ್ಯಾಪ್ ಕೊಟ್ಟಿದ್ದರೆ ಒಂದು ರಾತ್ರಿಯೂ ಅಪಾಯವಾಗಬಹುದು. ಮನೆಯಲ್ಲಿ ತುಂಬಿದ ಆಕ್ಸಿಜನ್ ಸಿಲಿಂಡರ್, ರೆಗ್ಯುಲೇಟರ್, ಅದನ್ನು ತೆರೆಯುವ ಕೀಲಿ ಮೂರೂ ಒಟ್ಟಿಗೆ ಇರಲಿ. ಎಷ್ಟು ಲೀಟರ್‌ಗೆ ಇಡಬೇಕು ಅಂತ ಡಾಕ್ಟರ್ ಹತ್ತಿರ ಬರೆಸಿ ಸಿಲಿಂಡರ್‌ಗೇ ಅಂಟಿಸಿ. ಇಂಥವರಿಗೆ ಆಕ್ಸಿಜನ್ ಜಾಸ್ತಿ ಕೊಟ್ಟರೂ ತೊಂದರೆಯೇ. ಮಾಡೆಲ್ ಯಾವುದು, ಡಾಕ್ಟರ್ ಚೀಟಿಯಲ್ಲಿ ಏನು ಬರೆದಿದೆ ಹೇಳಿ. ಬೈಪ್ಯಾಪ್‌ಗೆ ಮಾತ್ರ ಎಷ್ಟು ಬ್ಯಾಟರಿ ಬೇಕು ಅಂತ ಬೇರೆಯಾಗಿ ಲೆಕ್ಕ ಹಾಕಿಕೊಡುತ್ತೇನೆ.