ಸಹಾಯ ಬೇಕು: ಅನಿತಾ ಹಾರ್ಡಿಂಗ್ ಅವರ ಪ್ರಬಂಧಗಳು

ಎಲ್ಲರಿಗೂ ನಮಸ್ಕಾರ. ನಮ್ಮ ಅಕ್ಕನ ಮಗನಿಗೆ ಫ್ರೀಡ್ರೈಕ್ ಅಟಾಕ್ಸಿಯಾ ಇದೆ, ಅಂದರೆ ನರಗಳು ಹಾಳಾಗಿ ಮೈಯ ಹಿಡಿತ ತಪ್ಪುವ ಆನುವಂಶಿಕ ಕಾಯಿಲೆ. ಡಾಕ್ಟರು ಪುಟ್ಟ ಸುತ್ತಿಗೆಯಿಂದ ಮಂಡಿ ಕೆಳಗೆ ತಟ್ಟಿದರೆ ಕಾಲು ಅಲುಗುವುದೇ ಇಲ್ಲ. ಈ ಕಾಯಿಲೆ ಬಗ್ಗೆ ಓದುತ್ತಾ ಹೋದಂತೆ ಲಂಡನ್ನಿನ ನರರೋಗ ತಜ್ಞೆ ಅನಿತಾ ಹಾರ್ಡಿಂಗ್ ಅವರ ಹೆಸರು ಮತ್ತೆ ಮತ್ತೆ ಸಿಗುತ್ತಿದೆ.

1981ರಲ್ಲಿ 90 ಕುಟುಂಬಗಳನ್ನು ಅಧ್ಯಯನ ಮಾಡಿ 'ಬ್ರೇನ್' ಪತ್ರಿಕೆಯಲ್ಲಿ ಅವರು ಒಂದು ಪ್ರಬಂಧ ಬರೆದರು. 25 ವರ್ಷದೊಳಗೆ ಶುರುವಾಗುವುದು, ನಡಿಗೆ ತೂರಾಡುವುದು, ಮಂಡಿ ತಟ್ಟಿದರೂ ಕಾಲು ಅಲುಗದಿರುವುದು, ಇವೆಲ್ಲ ಅದರಲ್ಲಿವೆ. ಈ ಕಾಯಿಲೆಯ ಜೀನ್ ಸಿಕ್ಕಿದ್ದು 1996ರಲ್ಲಿ. ಅವರು 1995ರಲ್ಲೇ ತೀರಿಕೊಂಡಿದ್ದರು. ಜೀನ್ ಗೊತ್ತಿಲ್ಲದ ಕಾಲದಲ್ಲಿ, ರೋಗಿಗಳನ್ನು ನೋಡಿಯೇ ಇಷ್ಟು ಹೇಳಿದ್ದು ಎಷ್ಟು ದೊಡ್ಡ ಕೆಲಸ ಅಲ್ವಾ?

ಮೆಡಿಕಲ್ ಕಾಲೇಜಿನ ಲೈಬ್ರರಿ ಬಳಸುವವರು ಯಾರಾದರೂ ಇದ್ದರೆ, ಆ ಪ್ರಬಂಧ ಪೂರ್ತಿ ಓದಲು ದಾರಿ ತೋರಿಸಿ. ಆನುವಂಶಿಕ ಅಟಾಕ್ಸಿಯಾಗಳ ಬಗ್ಗೆ 1984ರಲ್ಲಿ ಬಂದ ಅವರ ಪುಸ್ತಕ ಎಲ್ಲಿದೆ ಅಂತ ತಿಳಿಸಿದರೂ ಸಾಕು.

ಅಕ್ಕನಿಗೆ ಚಿಕ್ಕ ಮಗಳೂ ಇದ್ದಾಳೆ. ತಂದೆ ತಾಯಿ ಇಬ್ಬರಲ್ಲೂ ದೋಷದ ಜೀನ್ ಇದ್ದರೆ ಪ್ರತಿ ಮಗುವಿಗೂ ಈ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು ಪಾಲು ಇರುತ್ತದೆ. ಒಡಹುಟ್ಟಿದವರ ಬಗ್ಗೆ, ಈ ಕಾಯಿಲೆಯಲ್ಲಿ ಬರುವ ಹೃದಯದ ತೊಂದರೆ ಬಗ್ಗೆ ಹಾರ್ಡಿಂಗ್ ಬರೆದಿರುವುದನ್ನು ಗುಂಪಿನ ಡಾಕ್ಟರುಗಳು ಸರಳವಾಗಿ ತಿಳಿಸಿಕೊಡುತ್ತೀರಾ? ದಯವಿಟ್ಟು ಕೆಳಗೆ ಬರೆಯಿರಿ.