ರಾಟ್‌ವೀಲರ್ ಮರಿ: ಮುಂಗಾಲು ಸಡಿಲ, ಮಲ ತೆಳು. ಕಿಬಲ್ (ಒಣ ಕಾಳಿನ ಆಹಾರ) ಬಿಟ್ಟು ಹಸಿ ಮಾಂಸಕ್ಕೆ ಹೋಗಬೇಕೇ?

ಕರಿಮೂತಿ
ರಾಟ್‌ವೀಲರ್ ಗಂಡು ಮರಿ. ವಯಸ್ಸು 14 ವಾರ, ತೂಕ 14 ಕೆ.ಜಿ. ದೊಡ್ಡ ತಳಿಯ ಮರಿಗಳಿಗೆಂದೇ ಬರುವ ಕಿಬಲ್ ದಿನಕ್ಕೆ 480 ಗ್ರಾಂ, ಮೂರು ಹೊತ್ತಿಗೆ ಹಂಚಿ ಹಾಕುತ್ತಿದ್ದೇನೆ. ಜೊತೆಗೆ ಮೊಟ್ಟೆಚಿಪ್ಪಿನ ಪುಡಿ ಒಂದು ಟೀ ಚಮಚ. ತೊಂದರೆ ಎರಡು. ನಿಂತಾಗ ಮುಂಗಾಲಿನ ಮಣಿಕಟ್ಟು ಕೆಳಕ್ಕೆ ಕುಸಿದು ಬೆರಳುಗಳು ಹರಡಿಕೊಂಡಂತೆ ಕಾಣುತ್ತೆ. ಮಲ ಬೆಳಗ್ಗೆ ಸರಿ ಇರುತ್ತೆ, ಸಂಜೆಗೆ ತೆಳ್ಳಗಾಗುತ್ತೆ. ಕುಂಟುತ್ತಿಲ್ಲ, ಆಟ ಊಟ ಚೆನ್ನಾಗಿದೆ. ಕಿಬಲ್ ಬಿಟ್ಟು 80-10-10 (ಶೇಕಡಾ ಲೆಕ್ಕದಲ್ಲಿ ಮಾಂಸ-ಮೂಳೆ-ಒಳಾಂಗ) ಹಸಿ ಮಾಂಸ ಹಾಕಿದರೆ ಎರಡೂ ಸರಿಹೋಗುತ್ತೆ ಅನ್ನುತ್ತಾರೆ. ಬದಲಾಯಿಸಲಾ?

ಲೆಕ್ಕಿಗ
ಮೊಟ್ಟೆಚಿಪ್ಪಿನ ಪುಡಿ ಇವತ್ತೇ ನಿಲ್ಲಿಸಿ, ಉಳಿದದ್ದು ಆಮೇಲೆ. ಚೀಲದ ಮೇಲೆ ಕ್ಯಾಲ್ಸಿಯಂ, ಫಾಸ್ಫರಸ್ ಶೇಕಡಾ ಎಷ್ಟು, ಒಂದು ಕೆ.ಜಿ.ಗೆ ಎಷ್ಟು ಕಿಲೊಕ್ಯಾಲೊರಿ ಎಂದಿರುತ್ತದೆ, ಅದನ್ನು ಇಲ್ಲಿ ಹಾಕಿ. ಕೊಳ್ಳಬೇಕೆಂದಿರುವ ಹಸಿ ಆಹಾರದ ಅಂಕಿಗಳೂ ಬೇಕು, ತೇವಾಂಶದ ಸಮೇತ. ಇನ್ನೊಂದು: ಮರಿಯ ಪಕ್ಕೆಲುಬಿನ ಮೇಲೆ ಬೆರಳಾಡಿಸಿದರೆ ಎಲುಬು ಸುಲಭವಾಗಿ ಸಿಗುತ್ತಾ, ಒತ್ತಿ ಹುಡುಕಬೇಕಾ?

ಕರಿಮೂತಿ
ಕಿಬಲ್: ಕ್ಯಾಲ್ಸಿಯಂ 1.4%, ಫಾಸ್ಫರಸ್ 1.1%, ಕೆ.ಜಿ.ಗೆ 3,700 ಕಿಲೊಕ್ಯಾಲೊರಿ. ಹಸಿ ಆಹಾರ (ಫ್ರೋಜನ್, ಮೂಳೆ ಸಮೇತ ಅರೆದದ್ದು): ತೇವಾಂಶ 70%, ಕ್ಯಾಲ್ಸಿಯಂ 0.9%, ಫಾಸ್ಫರಸ್ 0.6%, ಕೆ.ಜಿ.ಗೆ 1,700. ಪಕ್ಕೆಲುಬು ಒತ್ತಿದರೆ ಮಾತ್ರ ಸಿಗುತ್ತೆ. ಒಂದು ಪ್ರಶ್ನೆ: ಹಸಿಯದರಲ್ಲಿ 0.9, ಕಿಬಲ್‌ನಲ್ಲಿ 1.4. ಅಂದಮೇಲೆ ಹಸಿಯದರಲ್ಲೇ ಕ್ಯಾಲ್ಸಿಯಂ ಕಡಿಮೆ ತಾನೇ?

ಲೆಕ್ಕಿಗ
ಅಲ್ಲ, ಎಲ್ಲರೂ ಎಡವುವುದು ಇಲ್ಲೇ. ಒಂದರಲ್ಲಿ ನೀರು ಹತ್ತನೇ ಒಂದು ಭಾಗ, ಇನ್ನೊಂದರಲ್ಲಿ ಮುಕ್ಕಾಲಿಗೆ ಹತ್ತಿರ. ಶೇಕಡಾ ಲೆಕ್ಕವನ್ನು ಹಾಗೇ ಹೋಲಿಸುವಂತಿಲ್ಲ. ಮರಿ ತಿನ್ನುವುದು ಹಸಿವಿಗೆ, ಅಂದರೆ ಕ್ಯಾಲೊರಿಗೆ. ಹಾಗಾಗಿ 1000 ಕಿಲೊಕ್ಯಾಲೊರಿಗೆ ಎಷ್ಟು ಗ್ರಾಂ ಕ್ಯಾಲ್ಸಿಯಂ ಎಂದು ನೋಡಬೇಕು. ಶೇಕಡಾವನ್ನು 10ರಿಂದ ಗುಣಿಸಿದರೆ ಕೆ.ಜಿ.ಗೆ ಗ್ರಾಂ ಸಿಗುತ್ತದೆ, ಅದನ್ನು ಒಂದು ಕೆ.ಜಿ.ಯಲ್ಲಿ ಎಷ್ಟು ಸಾವಿರ ಕಿಲೊಕ್ಯಾಲೊರಿ ಇದೆಯೋ ಆ ಸಂಖ್ಯೆಯಿಂದ ಭಾಗಿಸಿ.

ನಿಮ್ಮ ಕಿಬಲ್: 14 ÷ 3.7 = 3.8 ಗ್ರಾಂ.
ಆ ಹಸಿ ಆಹಾರ: 9 ÷ 1.7 = 5.3 ಗ್ರಾಂ.

ಬೆಳೆದಾಗ ಸುಮಾರು 32 ಕೆ.ಜಿ. (70 ಪೌಂಡ್) ಅಥವಾ ಹೆಚ್ಚು ತೂಗುವ ತಳಿಗಳ ಮರಿಗಳಿಗೆ ಅಮೆರಿಕದ ಆಫ್ಕೋ (ಪಶು ಆಹಾರದ ಮಾನದಂಡ ರೂಪಿಸುವ ಸಂಘ) ಮಾನದಂಡದಲ್ಲಿ ಕನಿಷ್ಠ 3.0, ಗರಿಷ್ಠ 4.5 ಗ್ರಾಂ. ನಿಮ್ಮ ಕಿಬಲ್ ಒಳಗಿದೆ, ಆ ಹಸಿ ಆಹಾರ ಮಿತಿ ದಾಟಿದೆ. ಅದರ ಕ್ಯಾಲ್ಸಿಯಂ-ಫಾಸ್ಫರಸ್ ಅನುಪಾತ 1.5:1, ಅದೇನೋ ಚೆನ್ನಾಗಿಯೇ ಇದೆ. ಆದರೆ ಅನುಪಾತ ಸರಿ ಇದ್ದು ಒಟ್ಟು ಪ್ರಮಾಣ ತಪ್ಪಬಹುದು. 'ರೇಷಿಯೋ ಪರ್ಫೆಕ್ಟ್' ಎಂದು ಮಾರುವವರು ಈ ಮಾತು ಎತ್ತುವುದಿಲ್ಲ.

ಇದು ಯಾಕೆ ಮುಖ್ಯ ಅಂದರೆ, ಬೆಳೆದ ನಾಯಿಯ ಕರುಳು ಬೇಡದ ಕ್ಯಾಲ್ಸಿಯಂ ಅನ್ನು ಹೀರಿಕೊಳ್ಳದೆ ಬಿಡಬಲ್ಲದು. ಎಳೆಯ ಮರಿಗೆ ಆ ಕಡಿವಾಣ ಇನ್ನೂ ಬಂದಿರುವುದಿಲ್ಲ. ಕೊಟ್ಟದ್ದರಲ್ಲಿ ಒಂದು ದೊಡ್ಡ ಪಾಲು ಒಳಗೆ ಹೋಗುತ್ತದೆ, ಮೃದ್ವಸ್ಥಿ ಮೂಳೆಯಾಗುವ ಕ್ರಮ ಕೆಡುತ್ತದೆ. ನೆದರ್ಲೆಂಡ್ಸ್‌ನ ಉಟ್ರೆಕ್ಟ್‌ನಲ್ಲಿ ಹೇಜ್ವಿಂಕೆಲ್ ಮತ್ತು ಸಂಗಡಿಗರು 1980ರ ದಶಕದಲ್ಲಿ ಗ್ರೇಟ್ ಡೇನ್ ಮರಿಗಳಲ್ಲಿ ತೋರಿಸಿದ್ದು ಇದನ್ನೇ. ಪ್ರೋಟೀನ್ ಮೇಲೆ ಹೊರಿಸುವ ಆರೋಪ ಮಾತ್ರ ಸುಳ್ಳು. ಪ್ರೋಟೀನ್ ಹೆಚ್ಚಾದರೆ ಕಾಲು ಸೊಟ್ಟಗಾಗುವುದಿಲ್ಲ.

ಈಗ ನೀವು ಕೊಡುತ್ತಿರುವುದರ ಲೆಕ್ಕ. 480 ಗ್ರಾಂ ಅಂದರೆ 1,776 ಕಿಲೊಕ್ಯಾಲೊರಿ, 6.7 ಗ್ರಾಂ ಕ್ಯಾಲ್ಸಿಯಂ. ಒಂದು ಟೀ ಚಮಚ ಚಿಪ್ಪಿನ ಪುಡಿಯಲ್ಲಿ ಸುಮಾರು 2 ಗ್ರಾಂ. ಒಟ್ಟು 8.7, ಸಾವಿರ ಕಿಲೊಕ್ಯಾಲೊರಿಗೆ 4.9. ಸರಿಯಾಗಿದ್ದ ಆಹಾರವನ್ನು ಆ ಒಂದು ಚಮಚ ಮಿತಿಯಿಂದಾಚೆ ತಳ್ಳಿದೆ.

ಅಳತೆಯೂ ಜಾಸ್ತಿ. ತೂಕದ 0.75 ಘಾತವನ್ನು 70ರಿಂದ ಗುಣಿಸಿದರೆ ಸುಮ್ಮನೆ ಮಲಗಿದ್ದರೂ ದಿನಕ್ಕೆ ಬೇಕಾದ ಮೂಲ ಅಗತ್ಯ ಸಿಗುತ್ತದೆ: 14 ಕೆ.ಜಿ.ಗೆ ಸುಮಾರು 507 ಕಿಲೊಕ್ಯಾಲೊರಿ. (ಕ್ಯಾಲ್ಕುಲೇಟರ್‌ನಲ್ಲಿ 14ಕ್ಕೆ ಎರಡು ಸಲ ವರ್ಗಮೂಲ ಒತ್ತಿ, ಬಂದದ್ದನ್ನು ಘನ ಮಾಡಿ.) ನಾಲ್ಕು ತಿಂಗಳೊಳಗೆ ಇದರ ಮೂರು ಪಟ್ಟು, ಆಮೇಲೆ ಎರಡು ಪಟ್ಟು ಎಂಬುದು ಎಲ್ಲ ಮರಿಗಳ ಸಾಮಾನ್ಯ ಸೂತ್ರ. ದಪ್ಪಗಾಗುತ್ತಿರುವ ದೊಡ್ಡ ತಳಿ ಮರಿಗೆ ನಾನಾದರೆ ಎರಡೂವರೆಯಿಂದ ಶುರುಮಾಡುತ್ತೇನೆ: 1,270 ಕಿಲೊಕ್ಯಾಲೊರಿ, ಅಂದರೆ ಸುಮಾರು 340 ಗ್ರಾಂ. ನೀವು ಮೂರೂವರೆ ಪಟ್ಟು ಹಾಕುತ್ತಿದ್ದೀರಿ. ಸಂಜೆಯ ತೆಳು ಮಲಕ್ಕೆ ಬಹುಶಃ ಇದೇ ಕಾರಣ, ಹೊತ್ತು ಹೊತ್ತಿಗೆ ಜೀರ್ಣಿಸುವ ಶಕ್ತಿಗಿಂತ ಹೆಚ್ಚು ಹೋಗುತ್ತಿದೆ. 400ಕ್ಕೆ ಇಳಿಸಿ, ಮೂರ್ನಾಲ್ಕು ದಿನ ಬಿಟ್ಟು 340. ನಾಲ್ಕು ಹೊತ್ತಿಗೆ ಹಂಚಿ. ಕಪ್ಪಿನಲ್ಲಿ ಅಳೆಯಬೇಡಿ, ತೂಗಿ. ತರಬೇತಿಯ ತಿನಿಸಿಗೂ ಇದೇ 340ರಿಂದ ಕಾಳು ತೆಗೆಯಿರಿ.

ಹಸಿಬಟ್ಟಲು
ಹಸಿ ಆಹಾರದ ಪರ ಇರುವವನೇ ಹೇಳ್ತೀನಿ: 14 ವಾರದ ರಾಟ್‌ವೀಲರ್‌ಗೆ 80-10-10 ಬೇಡ. 80 ಮಾಂಸ, 10 ಮೂಳೆ, 10 ಒಳಾಂಗ ಅನ್ನೋದು ಒಂದು ಅಂದಾಜಿನ ಪಾಲು ಅಷ್ಟೇ, ಪೋಷಕಾಂಶಗಳ ಲೆಕ್ಕ ಅಲ್ಲ. ಯಾವ ಮೂಳೆ, ಅದರ ಮೇಲೆ ಎಷ್ಟು ಮಾಂಸ ಅನ್ನೋದರ ಮೇಲೆ ಕ್ಯಾಲ್ಸಿಯಂ ಏರಿಳಿಯುತ್ತೆ. ಸತು, ಮ್ಯಾಂಗನೀಸ್, ಅಯೋಡಿನ್, ವಿಟಮಿನ್ ಡಿ, ವಿಟಮಿನ್ ಇ ಇವೆಲ್ಲ ಸಾಮಾನ್ಯವಾಗಿ ಕಡಿಮೆ ಬೀಳ್ತವೆ. ಕಡಿಮೆ ಬಿತ್ತಲ್ಲ ಅಂತ ಲಿವರ್ ಜಾಸ್ತಿ ಹಾಕಿದರೆ ವಿಟಮಿನ್ ಎ ಮಿತಿಮೀರುತ್ತೆ.

ಮೂಳೆ ತೆಗೆದು ಬರೀ ಮಾಂಸ ಹಾಕೋದು ಇನ್ನೂ ಕೆಟ್ಟದ್ದು. ಒಂದು ಕೆ.ಜಿ. ಮಾಂಸದಲ್ಲಿ ಕ್ಯಾಲ್ಸಿಯಂ ಸುಮಾರು 0.1 ಗ್ರಾಂ, ಈ ಮರಿಗೆ ದಿನಕ್ಕೆ ಬೇಕಾದ್ದು ಕನಿಷ್ಠ 3.8. ಮಾಂಸದಲ್ಲಿ ಫಾಸ್ಫರಸ್ ಮಾತ್ರ ಹತ್ತಿಪ್ಪತ್ತು ಪಟ್ಟು. ರಕ್ತದಲ್ಲಿ ಕ್ಯಾಲ್ಸಿಯಂ ಕಾಯ್ದುಕೊಳ್ಳೋಕೆ ದೇಹ ಮೂಳೆಯನ್ನೇ ಕರಗಿಸುತ್ತೆ, ಕೊನೆಗೆ ಸೋಫಾದಿಂದ ಇಳಿದರೂ ಮುರಿಯುತ್ತೆ.

ಹಸಿಯದೇ ಬೇಕಂದ್ರೆ ದಾರಿ ಎರಡು. 'ದೊಡ್ಡ ತಳಿಗಳ ಬೆಳವಣಿಗೆಗೂ ಸಂಪೂರ್ಣ ಮತ್ತು ಸಮತೋಲಿತ' ಅಂತ ಸ್ಪಷ್ಟವಾಗಿ ಬರೆದಿರೋ ತಯಾರಿ ಆಹಾರ. ಇಲ್ಲಾಂದ್ರೆ ಪಶು ಪೋಷಣಾ ತಜ್ಞರು ಇದೇ ಮರಿಗೆ ಗ್ರಾಂ ಲೆಕ್ಕದಲ್ಲಿ ಬರೆದುಕೊಟ್ಟ ಪಾಕ. 'ಎಲ್ಲ ವಯಸ್ಸಿಗೂ' ಅಂತ ಮಾತ್ರ ಇದ್ದರೆ ಪಕ್ಕದಲ್ಲಿ ದೊಡ್ಡ ತಳಿಯ ಮಾತು ಇದೆಯಾ ನೋಡಿ.

ಲೆಕ್ಕಿಗ
ಪೂರ್ತಿ ಒಪ್ಪುತ್ತೇನೆ, ಸೋಂಕಿನ ವಿಷಯ ಸೇರಿಸಿ. ಸಾಲ್ಮೊನೆಲ್ಲಾ, ಲಿಸ್ಟೀರಿಯಾ ಫ್ರೀಜರ್‌ನಲ್ಲಿ ಸಾಯುವುದಿಲ್ಲ, ಸುಮ್ಮನೆ ಮಲಗಿರುತ್ತವೆ. ಅಮೆರಿಕದ ಪಶುವೈದ್ಯ ಸಂಘ 2012ರಿಂದಲೂ ಹಸಿ ಮಾಂಸಾಹಾರ ಬೇಡವೆಂದೇ ಹೇಳುತ್ತಿದೆ. ಮನೆಯಲ್ಲಿ ಮಗು, ಬಸುರಿ, ವಯಸ್ಸಾದವರು ಅಥವಾ ರೋಗನಿರೋಧಕ ಶಕ್ತಿ ಕುಗ್ಗಿದವರು ಇದ್ದರೆ ಈ ಚರ್ಚೆಯನ್ನೇ ಇಲ್ಲಿಗೆ ಮುಗಿಸಿ.

ಹಸಿಬಟ್ಟಲು
ಅದಕ್ಕೆ ಎದುರಾಡಲ್ಲ. ಹಾಕೋರು ಫ್ರಿಜ್‌ನೊಳಗೇ ಕರಗಿಸಿ, ಅರ್ಧ ಗಂಟೆಗೆ ಮಿಕ್ಕಿದ್ದನ್ನ ಎಸೆದುಬಿಡಿ, ಬಟ್ಟಲು ಬಿಸಿನೀರು ಸೋಪಿನಲ್ಲಿ ತೊಳೆಯಿರಿ. ಬೇಯಿಸಿದ ಮೂಳೆ ಯಾವತ್ತೂ ಬೇಡ, ಚೂಪಾಗಿ ಸೀಳುತ್ತೆ.

ಗೊರಸು
ಕಾಲಿನ ವಿಷಯ ಯಾರೂ ಮುಗಿಸಲಿಲ್ಲ. ಈ ವಯಸ್ಸಿನ ಭಾರೀ ಮರಿಗಳಲ್ಲಿ ಮಣಿಕಟ್ಟು ಸಡಿಲವಾಗುವುದು ಅಪರೂಪವಲ್ಲ. ನೋವಿಲ್ಲದಿದ್ದರೆ, ಆಹಾರ ಸರಿಪಡಿಸಿ ಜಾರದ ನೆಲ ಕೊಟ್ಟರೆ ಹೆಚ್ಚಿನವು ಕೆಲವು ವಾರಗಳಲ್ಲಿ ನೆಟ್ಟಗಾಗುತ್ತವೆ. ಟೈಲ್ಸ್ ಮೇಲೆ ರಬ್ಬರ್ ಮ್ಯಾಟ್ ಹಾಸಿ, ಉಗುರು ಕತ್ತರಿಸಿ, ಮಣ್ಣು ಹುಲ್ಲಿನ ಮೇಲೆ ಓಡಾಡಲು ಬಿಡಿ. ಬ್ಯಾಂಡೇಜ್ ಸುತ್ತಿ ಬಿಗಿಯಬೇಡಿ, ಸ್ನಾಯು ಇನ್ನಷ್ಟು ಸೋಲುತ್ತದೆ. ಆದರೂ ಒಮ್ಮೆ ಡಾಕ್ಟರಿಗೆ ತೋರಿಸಿ, ಕಣ್ಣಳತೆಯಲ್ಲಿ ರಿಕೆಟ್ಸ್ (ಮೂಳೆ ಮೆತ್ತಗಾಗುವ ಕಾಯಿಲೆ) ಅಲ್ಲವೆಂದು ಹೇಳಲಾಗದು. ಮಣಿಕಟ್ಟಿನ ಮೇಲ್ಭಾಗ ಊದಿ ಬಿಸಿಯಾದರೆ, ಜ್ವರ ಬಂದರೆ, ಏಳಲು ಒಪ್ಪದಿದ್ದರೆ ಅದು ಬೇರೆಯೇ ಕಾಯಿಲೆ, ಅವತ್ತೇ ಹೋಗಬೇಕು. ಮಲದ ಮಾದರಿಯನ್ನೂ ಒಯ್ಯಿರಿ, ಜಿಯಾರ್ಡಿಯಾ ಎಂಬ ಕರುಳಿನ ಪರಾವಲಂಬಿ ಇದ್ದರೆ ಯಾವ ಆಹಾರ ಬದಲಿಸಿದರೂ ಮಲ ಗಟ್ಟಿಯಾಗದು.

ಕರಿಮೂತಿ
ಚಿಪ್ಪಿನ ಪುಡಿ ನಿಲ್ಲಿಸಿದೆ, ನಾಳೆಯಿಂದ 400. ಕಿಬಲ್ ಮೇಲೆ ಸ್ವಲ್ಪ ಬೇಯಿಸಿದ ಮಾಂಸ ಹಾಕಬಹುದಾ? ಎರಡೂ ಒಟ್ಟಿಗೆ ಜೀರ್ಣವಾಗಲ್ಲ ಅಂತಾರಲ್ಲ. ಮರಿಗಳ ಆಹಾರ ಎಲ್ಲಿಯವರೆಗೆ?

ಲೆಕ್ಕಿಗ
ಒಟ್ಟಿಗೆ ಜೀರ್ಣವಾಗಲ್ಲ ಅನ್ನುವುದಕ್ಕೆ ಆಧಾರವಿಲ್ಲ. ಹಾಕಿ, ಆದರೆ ದಿನದ ಕ್ಯಾಲೊರಿಯ 10% ಮೀರಬಾರದು, ನಿಮ್ಮ ಲೆಕ್ಕದಲ್ಲಿ ಸುಮಾರು 125 ಕಿಲೊಕ್ಯಾಲೊರಿ, ಅಷ್ಟೇ ಕ್ಯಾಲೊರಿಯ ಕಿಬಲ್ (ಸುಮಾರು 34 ಗ್ರಾಂ) ತೆಗೆದು. ಮಲ ಗಟ್ಟಿಯಾದ ಮೇಲೆ ಶುರುಮಾಡಿ, ಇಲ್ಲದಿದ್ದರೆ ಯಾವುದು ಕೆಡಿಸಿತು ಎಂದು ತಿಳಿಯದು.

ವಾರಕ್ಕೊಮ್ಮೆ ತೂಗಿ, ಪಕ್ಕೆಲುಬು ಮುಟ್ಟಿ. ಸುಲಭವಾಗಿ ಸಿಗಬೇಕು, ಮೇಲಿನಿಂದ ನೋಡಿದರೆ ಸೊಂಟ ಕಾಣಬೇಕು. ಕಾಣದಿದ್ದರೆ 10% ಇಳಿಸಿ, ಎಲುಬು ಎದ್ದು ಕಂಡರೆ 10% ಏರಿಸಿ. ಮರಿ ತೆಳ್ಳಗಿದೆ ಎಂದು ನೆಂಟರು ಗೊಣಗಿದರೆ ಗೊಣಗಲಿ. 48 ಲ್ಯಾಬ್ರಡಾರ್‌ಗಳನ್ನು ಬದುಕಿಡೀ ಗಮನಿಸಿ 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಜೊತೆಯವಕ್ಕಿಂತ 25% ಕಡಿಮೆ ತಿಂದವು ಸುಮಾರು 1.8 ವರ್ಷ ಹೆಚ್ಚು ಬಾಳಿದವು, ಸೊಂಟದ ಕೀಲಿನ ತೊಂದರೆಯೂ ಅವಕ್ಕೆ ಕಡಿಮೆ.

ಮರಿಗಳ ಆಹಾರ ರಾಟ್‌ವೀಲರ್‌ಗೆ 15ರಿಂದ 18 ತಿಂಗಳವರೆಗೆ. ಬ್ರ್ಯಾಂಡ್ ಬದಲಿಸಬೇಕಾದರೆ 7ರಿಂದ 10 ದಿನ ತೆಗೆದುಕೊಳ್ಳಿ: ಕಾಲು ಭಾಗ, ಅರ್ಧ, ಮುಕ್ಕಾಲು, ಪೂರ್ತಿ. ನಡುವೆ ಮಲ ತೆಳುವಾದರೆ ಒಂದು ಹೆಜ್ಜೆ ಹಿಂದೆ ಹೋಗಿ ಎರಡು ದಿನ ಅಲ್ಲೇ ನಿಲ್ಲಿ. ಹೊಸ ಚೀಲದ ಕ್ಯಾಲೊರಿ ಬೇರೆ ಇರುತ್ತದೆ, 340 ಗ್ರಾಂ ಅನ್ನುವುದನ್ನು ಮತ್ತೆ ಲೆಕ್ಕ ಹಾಕಿಯೇ ತೂಗಬೇಕು.