ರೆಫರಲ್ ಕಮಿಷನ್: ಲಿಂಕ್ ಎಲ್ಲಿ ಕಳೆದುಹೋಗುತ್ತೆ, ಮೋಸ ಎಲ್ಲಿಂದ ನುಸುಳುತ್ತೆ?

ಪ್ರಶ್ನೆ: ಗಾಣದ ಎಣ್ಣೆ, ಸಿರಿಧಾನ್ಯ ಮಾರುವ ವೆಬ್‌ಸೈಟ್ ನಮ್ಮದು. ಗಿರಾಕಿಗಳನ್ನು ಕಳಿಸುವ ಯೂಟ್ಯೂಬರ್‌ಗಳಿಗೆ ಶೇ. 8 ಕಮಿಷನ್ ಕೊಡಬೇಕೆಂದಿದ್ದೇವೆ. ಪಾವತಿ ರೇಜರ್‌ಪೇ ಮೂಲಕ, ಕ್ಯಾಶ್ ಆನ್ ಡೆಲಿವರಿಯೂ ಇದೆ. ಯಾರ ಲಿಂಕ್‌ನಿಂದ ಆರ್ಡರ್ ಬಂತು ಅಂತ ಗುರುತಿಸೋದು ಹೇಗೆ, ಸುಳ್ಳು ಆರ್ಡರ್ ತಡೆಯೋದು ಹೇಗೆ? ಗೊತ್ತಿರುವವರು ದಯವಿಟ್ಟು ತಿಳಿಸಿ.

ಉತ್ತರ 1: ಥ್ಯಾಂಕ್ ಯೂ ಪುಟದಲ್ಲಿ ಸ್ಕ್ರಿಪ್ಟ್ ಹಾಕಿ ಎಣಿಸೋದನ್ನು ನಂಬಬೇಡಿ ಸರ್. ಎಷ್ಟೋ ಜನ ಯುಪಿಐ ಆ್ಯಪ್‌ನಲ್ಲಿ ದುಡ್ಡು ಕಟ್ಟಿ ಅಲ್ಲಿಂದಲೇ ಫೋನ್ ಜೇಬಿಗಿಳಿಸುತ್ತಾರೆ, ಆ ಪುಟ ತೆರೆಯೋದೇ ಇಲ್ಲ. ಎಣಿಕೆ ಸರ್ವರ್‌ನಲ್ಲೇ ಆಗಬೇಕು.

ಎಲ್ಲ ಲಿಂಕ್‌ಗಳೂ ನಿಮ್ಮದೇ ಡೊಮೇನ್‌ನ ಒಂದು ವಿಳಾಸಕ್ಕೆ ಬರಲಿ. ಅಲ್ಲಿ ಸರ್ವರ್ ಒಂದು ಕ್ಲಿಕ್ ಐಡಿ ಹುಟ್ಟಿಸಿ, ಯಾರ ಲಿಂಕ್, ಎಷ್ಟು ಹೊತ್ತಿಗೆ, ಯಾವ ಪುಟದಿಂದ ಅಂತ ಬರೆದಿಟ್ಟುಕೊಂಡು, 302 (ತಾತ್ಕಾಲಿಕ ರೀಡೈರೆಕ್ಟ್) ಕೊಟ್ಟು ಸರಕಿನ ಪುಟಕ್ಕೆ ಕಳಿಸಲಿ. 301 (ಶಾಶ್ವತ ರೀಡೈರೆಕ್ಟ್) ಬೇಡ. ಬ್ರೌಸರ್ ಅದನ್ನು ನೆನಪಿಟ್ಟುಕೊಂಡು ಮುಂದಿನ ಸಲ ನಿಮ್ಮ ಸರ್ವರ್ ಮುಟ್ಟದೆ ಹೋಗಿಬಿಡಬಹುದು. ನೋ-ಸ್ಟೋರ್ ಹೆಡರ್ (ಈ ಉತ್ತರವನ್ನು ಉಳಿಸಿಡಬೇಡಿ ಅನ್ನೋ ಸೂಚನೆ) ಮರೀಬೇಡಿ: ಸಿಡಿಎನ್, ಅಂದರೆ ಪುಟಗಳ ಪ್ರತಿ ಇಟ್ಟುಕೊಂಡು ಹಂಚುವ ಮಧ್ಯದ ಸರ್ವರ್‌ಗಳು, ಆ ಉತ್ತರವನ್ನು ಕುಕಿ (ಕ್ಲಿಕ್ ಐಡಿ ಹಿಡಿದು ಬ್ರೌಸರ್‌ನಲ್ಲಿ ಉಳಿಯುವ ಸಣ್ಣ ಗುರುತು) ಸಮೇತ ಕ್ಯಾಶ್ ಮಾಡಿದರೆ, ಬಂದವರಿಗೆಲ್ಲ ಒಬ್ಬರದೇ ಕುಕಿ ಅಂಟಿಕೊಳ್ಳುತ್ತೆ.

ಕುಕಿಯನ್ನು ಸರ್ವರೇ ಕೊಡಲಿ: ಎಚ್‌ಟಿಟಿಪಿ-ಓನ್ಲಿ (ಪುಟದ ಸ್ಕ್ರಿಪ್ಟ್‌ಗೆ ಸಿಗದು), ಸೆಕ್ಯೂರ್ (ಎಚ್‌ಟಿಟಿಪಿಎಸ್‌ನಲ್ಲಿ ಮಾತ್ರ), ಸೇಮ್‌ಸೈಟ್ ಲ್ಯಾಕ್ಸ್ (ಬೇರೆ ಸೈಟ್‌ನ ಪುಟದೊಳಗೆ ಅಡಗಿ ಬಂದರೆ ಕೆಲಸ ಮಾಡದು), ಮ್ಯಾಕ್ಸ್-ಏಜ್ 2592000 ಸೆಕೆಂಡು, ಅಂದರೆ 30 ದಿನ. ಜಾವಾಸ್ಕ್ರಿಪ್ಟ್‌ನಿಂದ ಇಟ್ಟ ಕುಕಿಯನ್ನು ಸಫಾರಿ 2019ರಿಂದ 7 ದಿನಕ್ಕೇ ಮುಗಿಸುತ್ತೆ.

ಆರ್ಡರ್ ಹುಟ್ಟುವಾಗಲೇ ಕ್ಲಿಕ್ ಐಡಿಯನ್ನು ಅದರ ಜೊತೆ ಬರೆಯಿರಿ, ರೇಜರ್‌ಪೇ ನೋಟ್ಸ್‌ನಲ್ಲೂ (ಪಾವತಿ ಜೊತೆ ನಮ್ಮ ಮಾಹಿತಿ ಬರೆದಿಡುವ ಜಾಗ) ಹಾಕಿ. ವೆಬ್‌ಹುಕ್, ಅಂದರೆ ದುಡ್ಡು ಬಂತು ಅಂತ ರೇಜರ್‌ಪೇ ನಿಮ್ಮ ಸರ್ವರ್‌ಗೆ ಕಳಿಸುವ ಸಂದೇಶ, ಬರೋದು ಅವರ ಸರ್ವರ್‌ನಿಂದ, ಆಗ ಗಿರಾಕಿಯ ಕುಕಿ ಹುಡುಕಿದರೆ ಎಲ್ಲಿ ಸಿಗುತ್ತೆ? ವೆಬ್‌ಹುಕ್ ಸಹಿಯನ್ನು ಬಂದ ಹಾಗೇ ಇರುವ ಪಠ್ಯದ ಮೇಲೆ ತಾಳೆ ನೋಡಿ. ಅದರೊಳಗಿನ ಜೇಸನ್ (ಮಾಹಿತಿ ಜೋಡಿಸಿಟ್ಟ ಪಠ್ಯ) ಬಿಚ್ಚಿ ಮತ್ತೆ ಕಟ್ಟಿದರೆ ಒಂದು ಸ್ಪೇಸ್ ಹೆಚ್ಚುಕಮ್ಮಿಯಾದರೂ ಸಹಿ ಹೊಂದಲ್ಲ. ಒಂದೇ ವೆಬ್‌ಹುಕ್ ಎರಡು ಸಲ ಬರೋದೂ ಉಂಟು, ಹಾಗಾಗಿ ಕಮಿಷನ್ ಟೇಬಲ್‌ನಲ್ಲಿ ಆರ್ಡರ್ ಐಡಿ ಯೂನಿಕ್ ಇರಲಿ, ಅಂದರೆ ಒಂದು ಆರ್ಡರ್‌ಗೆ ಒಂದೇ ದಾಖಲೆ. ರೇಜರ್‌ಪೇ ಕಳಿಸುವ ಮೊತ್ತ ಪೈಸೆಯಲ್ಲಿರುತ್ತೆ: 1,249 ರೂಪಾಯಿ ಅಂದರೆ 124900.

ಉತ್ತರ 2: ಇನ್‌ಸ್ಟಾಗ್ರಾಮ್ ಒಳಗಿನ ಬ್ರೌಸರ್‌ನಲ್ಲಿ ಲಿಂಕ್ ಒತ್ತಿ, ಸಂಜೆ ಕ್ರೋಮ್‌ನಲ್ಲಿ ಕೊಂಡರೆ ಕುಕಿ ಜೊತೆಗೆ ಬರಲ್ಲ. ಅದಕ್ಕೇ ಪ್ರತಿಯೊಬ್ಬರಿಗೂ ಒಂದು ಕೂಪನ್ ಕೋಡ್ ಕೊಡಿ. ಲಿಂಕ್ ಒಬ್ಬರದು, ಕೋಡ್ ಇನ್ನೊಬ್ಬರದು ಆದಾಗ ಯಾರಿಗೆ ಕಮಿಷನ್ ಅನ್ನೋದನ್ನು ಮೊದಲೇ ಕರಾರಿನಲ್ಲಿ ಬರೆದುಬಿಡಿ. ಬರೀ ಕ್ಲಿಕ್ಕಿಗೆ ದುಡ್ಡು ಕೊಡಬೇಡಿ. ವಾಟ್ಸ್ಆ್ಯಪ್ ಲಿಂಕ್‌ನ ಪ್ರಿವ್ಯೂ ತೆಗೆಯುವಾಗಲೂ ಒಂದು ಕ್ಲಿಕ್ ದಾಖಲಾಗುತ್ತೆ.

ಉತ್ತರ 3: ಮೋಸದ ವಿಷಯ. ಕಾಣದ ಐಫ್ರೇಮ್‌ನಲ್ಲೋ (ಪುಟದೊಳಗೆ ಅಡಗಿಸಿದ ಇನ್ನೊಂದು ಪುಟ) ಚಿತ್ರದಲ್ಲೋ ನಿಮ್ಮ ಲಿಂಕ್ ತುರುಕಿ, ಯಾರೂ ಒತ್ತದಿದ್ದರೂ ಕುಕಿ ಇಡಿಸೋದಕ್ಕೆ ಕುಕಿ ಸ್ಟಫಿಂಗ್ ಅಂತಾರೆ. ಈಬೇ ಪ್ರಕರಣದಲ್ಲಿ ಅಮೆರಿಕದ ಕೋರ್ಟು 2014ರಲ್ಲಿ ಇದಕ್ಕೇ ಜೈಲು ಶಿಕ್ಷೆ ಕೊಟ್ಟಿತು. ಮೇಲೆ ಹೇಳಿದ ಸೇಮ್‌ಸೈಟ್ ಲ್ಯಾಕ್ಸ್ ಇದನ್ನು ಬಹುಪಾಲು ತಡೆಯುತ್ತೆ, ಆದರೆ ಹಿಂದೆ ಬಚ್ಚಿಟ್ಟು ತೆರೆಯುವ ಪಾಪ್-ಅಂಡರ್ ಕಿಟಕಿಯನ್ನಲ್ಲ. ಸಾವಿರಾರು ಕ್ಲಿಕ್, ಬೆರಳೆಣಿಕೆಯ ಆರ್ಡರ್ ಕಂಡರೆ ಅದೇ ಇರಬಹುದು.

ಕೂಪನ್ ಎಕ್ಸ್‌ಟೆನ್ಷನ್‌ಗಳ (ಬ್ರೌಸರ್‌ಗೆ ಸೇರಿಸಿಕೊಳ್ಳುವ, ಕೂಪನ್ ಹುಡುಕಿಕೊಡುವ ಸಲಕರಣೆ) ಗುರುತು ಬೇರೆ. ಗಿರಾಕಿ ಕಾರ್ಟ್ ತುಂಬಿ ಚೆಕೌಟ್‌ಗೆ ಬಂದ ಮೇಲೆ ಅವುಗಳ ಲಿಂಕ್‌ನ ಕ್ಲಿಕ್ ಬಿದ್ದು, ಮುಂದಿನ ನಿಮಿಷದಲ್ಲೇ ಆರ್ಡರ್ ಆಗಿರುತ್ತೆ. ವೀಡಿಯೊ ಮಾಡಿ ಗಿರಾಕಿಯನ್ನು ಕರೆತಂದವರ ಬೆವರು ಆ ಕೊನೇ ಕ್ಲಿಕ್ಕಿಗೆ ಹೋಗಬಾರದು. ಕಾರ್ಟ್ ಹುಟ್ಟಿದ ಸಮಯವನ್ನೂ ದಾಖಲಿಸಿ, ಅದರ ನಂತರದ ಕ್ಲಿಕ್ ಹಳೆಯದನ್ನು ಅಳಿಸದ ಹಾಗೆ ನಿಯಮ ಇಡಿ.

ತಮ್ಮ ಲಿಂಕ್‌ನಿಂದ ತಾವೇ ಕೊಳ್ಳುವವರನ್ನು ಹಿಡಿಯಲು ಐಪಿ ಸಾಲದು. ಮೊಬೈಲ್ ಡೇಟಾದಲ್ಲಿ ನೂರಾರು ಜನ ಒಂದೇ ಐಪಿ ಹಿಂದಿರುತ್ತಾರೆ, ಪಾಪದವರನ್ನೂ ತಡೆದಂತಾಗುತ್ತೆ. ಫೋನಿನ ಕೊನೆಯ 10 ಅಂಕಿ, ಯುಪಿಐ ಐಡಿ, ಮನೆ ವಿಳಾಸ ಹೋಲಿಸಿ. ಜಿಮೇಲ್ ವಿಳಾಸದಲ್ಲಿ ಚುಕ್ಕಿ ಮತ್ತು ಪ್ಲಸ್ ನಂತರದ್ದನ್ನು ತೆಗೆದು ಹೋಲಿಸಿ.

ಪ್ರಶ್ನೆ ಕೇಳಿದವರು: ಬಹಳ ಉಪಕಾರ ಆಯ್ತು. ಕ್ಯಾಶ್ ಆನ್ ಡೆಲಿವರಿಗೆ ಕಮಿಷನ್ ಯಾವಾಗ ಕೊಡಬೇಕು?

ಉತ್ತರ 4: ಪಾರ್ಸೆಲ್ ತಲುಪಿ, ರಿಟರ್ನ್ ಅವಧಿ ಮುಗಿದ ಮೇಲೆ. ಆರ್ಡರ್ ಬಂದಾಗ ‘ಬಾಕಿ’, ತಲುಪಿದಾಗ ‘ತಡೆಹಿಡಿದಿದೆ’, ರಿಟರ್ನ್ 7 ದಿನವಾದರೆ 10ನೇ ದಿನ ‘ಮಂಜೂರು’. ಪಾರ್ಸೆಲ್ ವಾಪಸ್ ಬಂದರೆ ‘ರದ್ದು’, ಕಾರಣದ ಸಮೇತ. ಸುಳ್ಳು ಆರ್ಡರ್ ಹಾಕುವವರು ಬಾಗಿಲಲ್ಲಿ ಪಾರ್ಸೆಲ್ ತಗೊಳ್ಳಲ್ಲ, ಇಲ್ಲೇ ಬಿದ್ದುಹೋಗುತ್ತಾರೆ. ಶೇ. 8 ಲೆಕ್ಕ ಹಾಕುವಾಗ ಜಿಎಸ್‌ಟಿ, ಡೆಲಿವರಿ ಚಾರ್ಜ್, ರಿಯಾಯಿತಿ ಕಳೆದು ಉಳಿದದ್ದಕ್ಕೆ ಹಾಕಿ. ಈ ನಾಲ್ಕೂ ಸ್ಥಿತಿ ಯೂಟ್ಯೂಬರ್‌ಗಳ ಡ್ಯಾಶ್‌ಬೋರ್ಡ್‌ನಲ್ಲಿ ಕಾಣಲಿ, ‘ನನ್ನ ದುಡ್ಡು ಎಲ್ಲಿ’ ಅನ್ನೋ ಫೋನ್ ಕಡಿಮೆಯಾಗುತ್ತೆ.